ಮಾಲ್ಗುಡಿಯ ಹಾದಿಯಲ್ಲಿ ಒಂದು ಎತ್ತಿನ ಗಾಡಿ

ಕಳೆದ ಶ್ರಾವಣ ಮಾಸದಲ್ಲಿ ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಸೇರಿ ಎರಡು ವಾಚನಗೋಷ್ಠಿಗಳನ್ನು ನಡೆಸಿದರು. ಶ್ರಾವಣದಲ್ಲಿ ಪುರಾಣ ಪ್ರವಚನಗಳು ನಡೆಯುವುದು ನಮ್ಮಲ್ಲಿ ವಾಡಿಕೆ. ಅದರೊಡನೆ ಈ ಸಲ ಒಂದು ಕಾದಂಬರಿಯನ್ನೂ ಎಲ್ಲರೂ ಓದಿಕೊಂಡು ಬಂದು ವಿಚಾರ ಮಾಡಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಅವರು ಆರಿಸಿಕೊಂಡ ಕೃತಿ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಕೆಲವರು ಇಂಗ್ಲಿಷ್ ಮೂಲವನ್ನೂ ಮಿಕ್ಕವರು ಕನ್ನಡ ಅನುವಾದವನ್ನೂ ಓದಿದ್ದರು. ಚಾಮರಾಜನಗರದ ಗೋಷ್ಠಿಯು ನಗುವಿನಲ್ಲಿ ಮುಗಿಯಿತು. ಗುಂಡ್ಲುಪೇಟೆಯ ಗೋಷ್ಠಿಯು ವಾದದಲ್ಲಿ ಮುಗಿಯಿತು. ಒಂದೇ ಪುಸ್ತಕವು ಹತ್ತು ಹರದಾರಿಯೂ ಇಲ್ಲದ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕಂಡದ್ದೇಕೆಂದು ಹಲವರು ನಮ್ಮನ್ನು ಕೇಳಿದರು. ಅಂದು ಸಮಾಧಾನಕರವಾದ ಉತ್ತರ ನಮ್ಮಲ್ಲಿರಲಿಲ್ಲ. ಆಮೇಲೆ ಪುಸ್ತಕವನ್ನು ಮತ್ತೊಮ್ಮೆ ಓದಿ, ತೋಚಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೃತಿಯ ವಿಚಾರವಾಗಿ ಎರಡು ಮಾತು. 1906ರಲ್ಲಿ ಮದರಾಸಿನಲ್ಲಿ ಜನಿಸಿದ ನಾರಾಯಣರು ಬಾಲ್ಯವನ್ನು ಬಹುಮಟ್ಟಿಗೆ ಅಲ್ಲಿಯೇ ಅಜ್ಜಿಯ ಆಶ್ರಯದಲ್ಲಿ ಕಳೆದರು. ತಂದೆಯವರು ಮೈಸೂರು ಸಂಸ್ಥಾನದಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಮುಂದೆ ಮೈಸೂರಿಗೆ ಬಂದು ಮಹಾರಾಜ ಕಾಲೇಜಿನಲ್ಲಿ ಓದಿದರು. ಜೀವಮಾನದ ಬಹುಭಾಗವನ್ನು ಆ ನಗರದಲ್ಲಿಯೇ ಕಳೆದರು. 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಮಾಲ್ಗುಡಿ ಎಂಬ ಹೆಸರೂ ಅದರ ಪುಟ್ಟ ರೈಲು ನಿಲ್ದಾಣವೂ ಅವರ ಮನಸ್ಸಿಗೆ ಹೊಳೆದವಂತೆ. ಹಸ್ತಪ್ರತಿಯು ಹಲವು ಪ್ರಕಾಶಕರಿಂದ ತಿರಸ್ಕೃತವಾದ ಮೇಲೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆಯುವಂತೆ ಅವರು ಇಂಗ್ಲೆಂಡಿನಲ್ಲಿದ್ದ ಮಿತ್ರನಿಗೆ ಬರೆದರಂತೆ. ಆ ಮಿತ್ರನು ಹಾಗೆ ಮಾಡದೆ ಗ್ರಹಾಂ ಗ್ರೀನ್ ಎಂಬ ಲೇಖಕರ ಕೈಗೆ ಕೊಟ್ಟುದರಿಂದ 1935ರಲ್ಲಿ ಲಂಡನ್ನಿನಲ್ಲಿ ಗ್ರಂಥವು ಬೆಳಕು ಕಂಡಿತು. ಅಂದು ಅದನ್ನು ಕೊಂಡವರು ಕಡಿಮೆ. ಇಂದು ನಮ್ಮ ನಾಡಿನಲ್ಲಿ ಅದರ ಹೆಸರನ್ನು ಕೇಳದ ವಿದ್ಯಾವಂತರು ವಿರಳ.

ಕಥೆ ದೊಡ್ಡದೇನಲ್ಲ. ಮಾಲ್ಗುಡಿಯ ಆಲ್ಬರ್ಟ್ ಮಿಷನ್ ಶಾಲೆಯ ಹುಡುಗ ಸ್ವಾಮಿನಾಥ. ಅವನ ಗೆಳೆಯರಾದ ಬಲಶಾಲಿ ಮಣಿ ಮತ್ತು ಪೊಲೀಸ್ ಅಧಿಕಾರಿಯ ಮಗ ರಾಜಂ. ಮನೆಯಲ್ಲಿ ಕಟ್ಟುನಿಟ್ಟಿನ ತಂದೆ, ಕಥೆ ಹೇಳುವ ಅಜ್ಜಿ. ಪರೀಕ್ಷೆ, ರಜೆ, ಕ್ರಿಕೆಟ್ ತಂಡ, ಚಳವಳಿಯ ದಿನ ಶಾಲೆಯ ಕಿಟಕಿಗಾಜಿಗೆ ಬಿದ್ದ ಕಲ್ಲು, ಶಾಲೆಯ ಬದಲಾವಣೆ, ಹೆದರಿ ಊರು ಬಿಟ್ಟು ಓಡಿದ ಒಂದು ರಾತ್ರಿ, ಕೊನೆಗೆ ನಿಲ್ದಾಣದಲ್ಲಿ ಗೆಳೆಯನ ಅಗಲಿಕೆ. ಇಷ್ಟೇ ಸಾಮಗ್ರಿ. ಇಷ್ಟರಿಂದ ನಾರಾಯಣರು ಕಟ್ಟಿದ ಊರನ್ನು ಜನ ತೊಂಬತ್ತು ವರ್ಷಗಳಿಂದ ತಮ್ಮದೆಂದು ಹೇಳಿಕೊಳ್ಳುತ್ತ ಬಂದಿದ್ದಾರೆ.

ಚಾಮರಾಜನಗರದ ಗೋಷ್ಠಿಯಲ್ಲಿ ನಡೆದುದೂ ಅದೇ. ನಿವೃತ್ತ ಉಪಾಧ್ಯಾಯರೊಬ್ಬರು, ಮಾಲ್ಗುಡಿ ಬೇರೆಲ್ಲಿಯೂ ಇಲ್ಲ, ನಮ್ಮ ಊರೇ ಮಾಲ್ಗುಡಿ ಎಂದು ಸಾಧಿಸತೊಡಗಿದರು. ಅವರ ಪ್ರಮಾಣಗಳು ಮನೋಹರವಾಗಿದ್ದವು. ನಂಜನಗೂಡಿನಿಂದ 1926ರಲ್ಲಿ ಬಂದ ರೈಲುಹಳಿ ಚಾಮರಾಜನಗರದಲ್ಲಿ ನಿಂತಿತು; ಇಂದಿಗೂ ಅಲ್ಲಿಗೇ ನಿಂತಿದೆ. ಹಳಿ ಮುಗಿಯುವ ಊರಿನ ಹುಡುಗನಿಗೆ ಪ್ರಪಂಚವೆಂದರೆ ರೈಲು ಬರುವ ದಿಕ್ಕು ಮಾತ್ರ. ಅರಿಕುಠಾರವೆಂಬ ಹಳೆಯ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಜನ್ಮಸ್ಥಳವೆಂಬ ಗೌರವದಿಂದ ಹೊಸ ಹೆಸರನ್ನಿತ್ತರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಆ ದೇವಾಲಯದ ಮುಂದಿನ ಬಯಲಿನಲ್ಲಿ ಚೆಂಡಾಡಿದವರಿಗೆಲ್ಲ ಸ್ವಾಮಿಯ ಕ್ರಿಕೆಟ್ ತಂಡವು ತಮ್ಮದಾಗಿ ಕಂಡರೆ ಅಚ್ಚರಿಯಿಲ್ಲ. ತಂದೆಯು ಮಾವಿನಹಣ್ಣಿನ ಲೆಕ್ಕ ಕೊಟ್ಟಾಗ, ಆ ಹಣ್ಣು ಮಾಗಿದ್ದವೋ ಇಲ್ಲವೋ ಎಂದು ಸ್ವಾಮಿಯು ಚಿಂತಿಸುವ ಭಾಗವನ್ನು ಒಬ್ಬರು ಓದಿದಾಗ ಸಭೆಯೆಲ್ಲ ನಕ್ಕಿತು. ತಾವು ತಿಂದ ಏಟುಗಳನ್ನು ನೆನೆದು ನಕ್ಕವರೇ ಅಲ್ಲಿ ಹೆಚ್ಚು.

ಈ ಸಂತೋಷದ ಮೂಲವನ್ನು ನಮ್ಮ ಪ್ರಾಚೀನ ಆಲಂಕಾರಿಕರು ಬಲ್ಲವರಾಗಿದ್ದರು. ಕಾವ್ಯದಲ್ಲಿ ಬರುವ ವ್ಯಕ್ತಿಯೂ ದೇಶಕಾಲಗಳೂ ತಮ್ಮ ವಿಶೇಷತೆಯನ್ನು ಕಳೆದುಕೊಂಡು ಎಲ್ಲ ಸಹೃದಯರಿಗೂ ಸಮಾನವಾಗುವ ವ್ಯಾಪಾರವನ್ನು ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದನು. ಮಾಲ್ಗುಡಿಯು ಭೂಪಟದಲ್ಲಿಲ್ಲ, ಆದಕಾರಣವೇ ಅದು ಎಲ್ಲರ ಊರಾಗಬಲ್ಲುದು. ಗಮನಿಸಬೇಕಾದ ಮಾತೆಂದರೆ, ನಾರಾಯಣರು ಕಳೆದುಹೋದ ತಮ್ಮ ಊರೊಂದನ್ನು ನೆನೆದು ಇದನ್ನು ಬರೆಯಲಿಲ್ಲ. ಮದರಾಸಿನ ಬೀದಿಯಲ್ಲಿ ಬೆಳೆದ ಇಪ್ಪತ್ತನಾಲ್ಕರ ತರುಣನು ತನಗಿಲ್ಲದಿದ್ದ ಊರೊಂದನ್ನು ಕಲ್ಪಿಸಿಕೊಂಡನು. ಹಾಗಿದ್ದರೂ ಓದುಗರು ಅದನ್ನು ಕಲ್ಪನೆಯೆಂದು ಓದುವುದಿಲ್ಲ, ತಮ್ಮ ನೆನಪೆಂದು ಓದುತ್ತಾರೆ.

1986–87ರಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಯು ಈ ನೆನಪಿಗೆ ಬಣ್ಣವನ್ನೂ ರಾಗವನ್ನೂ ಕೊಟ್ಟಿತು. ಆಗ ನಾವು ವಿದ್ಯಾರ್ಥಿನಿಲಯದಲ್ಲಿದ್ದ ಹದಿನಾರರ ಹುಡುಗರು. ಪರಿಚಿತರೊಬ್ಬರ ಮನೆಯ ಕಪ್ಪುಬಿಳುಪಿನ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಸಾಲಾಗಿ ಕುಳಿತು ನೋಡಿದ್ದೇವೆ. ಹಿಂದಿ ಅರ್ಧ ತಿಳಿಯುತ್ತಿತ್ತು. ಎಲ್. ವೈದ್ಯನಾಥನ್ ಅವರ ಸಂಗೀತವೂ ಆರ್.ಕೆ. ಲಕ್ಷ್ಮಣರ ರೇಖೆಗಳೂ ಪೂರ್ತಿ ತಿಳಿಯುತ್ತಿದ್ದವು. ಇಂದು ಮಾಲ್ಗುಡಿಯೆಂದರೆ ಬಹುಮಂದಿಗೆ ನೆನಪಾಗುವುದು ಪುಸ್ತಕವಲ್ಲ, ಆ ಸಂಗೀತ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಇನ್ನು ಆಕ್ಷೇಪಗಳು. ಚಾಮರಾಜನಗರದಲ್ಲಿಯೇ ಉಪನ್ಯಾಸಕರೊಬ್ಬರು, ಇದು ಸಕ್ಕರೆಯ ಗೊಂಬೆ. ಇದರಲ್ಲಿ ಬಡತನವಿಲ್ಲ, ಜಾತಿಯ ನೋವಿಲ್ಲ, ಬರಗಾಲವಿಲ್ಲ ಎಂದರು. ಈ ಆಕ್ಷೇಪವು ಹೊಸದಲ್ಲ. ಟ್ರಿನಿಡಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದ ಲೇಖಕ ವಿ.ಎಸ್. ನೈಪಾಲರು ತಾರುಣ್ಯದಲ್ಲಿ ನಾರಾಯಣರನ್ನು ಮೆಚ್ಚಿ ಓದಿದವರು. ತಾವೇ ಭಾರತಕ್ಕೆ ಬಂದು ಇಲ್ಲಿಯ ದೈನ್ಯವನ್ನು ಕಂಡಮೇಲೆ, ಮಾಲ್ಗುಡಿಯ ಶಾಂತಿಯ ಹಿಂದೆ ಲೋಕದ ಸಂಕಟಕ್ಕೆ ಬೆನ್ನು ತಿರುಗಿಸುವ ಮನೋಧರ್ಮವಿದೆಯೆಂಬ ತಾತ್ಪರ್ಯದ ವಿಮರ್ಶೆಯನ್ನು 1977ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬರೆದರು. ಪ್ರೀತಿಸಿ ಆಮೇಲೆ ನಿರಾಶರಾದ ಓದುಗರ ಮಾತನ್ನು ತಳ್ಳಿಹಾಕುವಂತಿಲ್ಲ.

ಎರಡನೆಯ ಆಕ್ಷೇಪವು ಭಾಷೆಯದು. ಕನ್ನಡ ನಾಡಿನಲ್ಲಿ ಬಾಳಿ ಕನ್ನಡದಲ್ಲಿ ಒಂದು ಸಾಲನ್ನೂ ಬರೆಯದವರು ನಮ್ಮ ಊರನ್ನು ಬರೆದರೆಂದು ನಾವೇಕೆ ಹಿಗ್ಗಬೇಕೆಂದು ಹಿರಿಯರೊಬ್ಬರು ಕೇಳಿದರು. ಮೈಸೂರಿನ ಯಾದವಗಿರಿಯಲ್ಲಿದ್ದ ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಅದನ್ನು ಉಳಿಸಬೇಕೆಂಬ ಕೂಗೆದ್ದಿತು. ಸರ್ಕಾರದ ಹಣದಿಂದ ಅದನ್ನು ಸ್ಮಾರಕ ಮಾಡುವ ಮಾತು ಬಂದಾಗ ಕನ್ನಡದ ಕೆಲವು ಹಿರಿಯ ಸಾಹಿತಿಗಳು ಇದೇ ಪ್ರಶ್ನೆಯನ್ನು ಎತ್ತಿದರು. ಕಡೆಗೆ 2016ರಲ್ಲಿ ಆ ಮನೆಯು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಈ ವಿಷಯದಲ್ಲಿ ನಮ್ಮ ನಿಲುವು ಇಷ್ಟೇ: ಇಲ್ಲಿಗೆ ಸಮೀಪದ ಯಳಂದೂರಿನ ಮಠದಲ್ಲಿದ್ದ ಷಡಕ್ಷರದೇವನು ಸಂಸ್ಕೃತದಲ್ಲಿಯೂ ಬರೆದನು, ಕನ್ನಡದಲ್ಲಿಯೂ ಬರೆದನು. ಬರೆಯುವ ಭಾಷೆ ಎರಡಾದರೂ ಅವನ ನೆಲ ಒಂದೇ ಆಗಿತ್ತು. ನಾರಾಯಣರು ಕನ್ನಡದ ಋಣವನ್ನು ಕನ್ನಡದಲ್ಲಿ ತೀರಿಸಲಿಲ್ಲವೆಂಬ ವ್ಯಥೆ ಸಹಜವಾದುದು. ಆದರೆ ಕೃತಿಯು ಸತ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ಆ ವ್ಯಥೆಯು ಉತ್ತರವಾಗಲಾರದು.

ಮೂರನೆಯ ಆಕ್ಷೇಪವನ್ನು ಎತ್ತಿದವರು ಒಬ್ಬ ಶಿಕ್ಷಕಿ. ಈ ಊರಿನಲ್ಲಿ ಹುಡುಗಿಯರೇ ಇಲ್ಲವೇ ಎಂಬುದು ಅವರ ಪ್ರಶ್ನೆ. ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ. ಸ್ವಾಮಿಯ ವಯಸ್ಸಿನ ಒಬ್ಬ ಹುಡುಗಿಯ ಬಾಳು ಹೇಗಿತ್ತೆಂಬುದು ಪುಸ್ತಕದಲ್ಲಿ ಇಲ್ಲ. ಈ ಮಾತು ನಿಜ. ಆದರೆ ಮೂರೇ ವರ್ಷಗಳ ಮೇಲೆ, 1938ರಲ್ಲಿ, ನಾರಾಯಣರು ‘ದಿ ಡಾರ್ಕ್ ರೂಮ್’ ಬರೆದರು. ಗಂಡನ ದರ್ಪಕ್ಕೂ ಪರಸ್ತ್ರೀಸಂಗಕ್ಕೂ ಬೇಸತ್ತು ಮನೆ ಬಿಟ್ಟ ಸಾವಿತ್ರಿ ಎಂಬ ಗೃಹಿಣಿ, ಸಾಯಲು ಹೋಗಿ ಸಾಯದೆ, ಗುಡಿಯಲ್ಲಿ ದುಡಿದು ತನ್ನ ಅನ್ನವನ್ನು ತಾನೇ ಉಣ್ಣಲು ಯತ್ನಿಸಿ, ಮಕ್ಕಳ ಮೋಹಕ್ಕೆ ಸೋತು ಹಿಂದಿರುಗುತ್ತಾಳೆ. ಅದೂ ಮಾಲ್ಗುಡಿಯೇ. ಆದರೂ ಮಾಲ್ಗುಡಿಯನ್ನು ಮೆಚ್ಚುವವರು ಆ ಮನೆಯ ಬಾಗಿಲನ್ನು ತಟ್ಟುವುದು ಕಡಿಮೆ. ಇದು ಲೇಖಕರ ದೋಷವೋ ಓದುಗರ ದೋಷವೋ ಎಂಬ ಸಂದೇಹ ನಮಗೆ ಮೊದಲು ಹುಟ್ಟಿದ್ದು ಇಲ್ಲಿ.

ಆ ಸಂದೇಹವು ಗುಂಡ್ಲುಪೇಟೆಯಲ್ಲಿ ಬಲವಾಯಿತು. ಅಲ್ಲಿಗೆ ರೈಲಿಲ್ಲ, ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ಅಲ್ಲಿ ಕವಲೊಡೆಯುತ್ತವೆ. ಬಂದವರಲ್ಲಿ ಸುತ್ತಲ ಹಳ್ಳಿಗಳ ಬೇಸಾಯಗಾರರೇ ಹೆಚ್ಚು. ಪುಸ್ತಕದ ಹಾಸ್ಯಭಾಗಗಳನ್ನು ಓದುತ್ತ, ಮೂವರು ಗೆಳೆಯರು ದೊಡ್ಡ ರಸ್ತೆಯಲ್ಲಿ ಎತ್ತಿನ ಗಾಡಿಯೊಂದನ್ನು ತಡೆಯುವ ಪ್ರಸಂಗ ಬಂದಿತು. ಹಳ್ಳಿಯ ಹುಡುಗನೊಬ್ಬ ಗಾಡಿ ಹೊಡೆದುಕೊಂಡು ಬರುತ್ತಿದ್ದಾನೆ. ಹುಡುಗರು ತಾವು ಸರ್ಕಾರಿ ಪೊಲೀಸರೆಂದು ಹೇಳಿ ಅವನನ್ನು ಗದರಿಸುತ್ತಾರೆ. ಹೆಸರು ಕೇಳಿದಾಗ ಅವನು ಕರುಪ್ಪನ್ ಎನ್ನುತ್ತಾನೆ. ಮುಂದಿನ ಸೇತುವೆ ಭದ್ರವಿಲ್ಲವೆಂದು ಬೆದರಿಸುತ್ತಾರೆ. ಹುಡುಗನು ಹೆದರಿ ಬೇಡಿಕೊಳ್ಳುತ್ತಾನೆ. ಅವನನ್ನು ಸಾಕಷ್ಟು ಕಾಡಿಸಿ ಕೊನೆಗೆ ಹೋಗಗೊಡುತ್ತಾರೆ. ಚಾಮರಾಜನಗರದಲ್ಲಿ ಇದೇ ಭಾಗಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು.

ಗುಂಡ್ಲುಪೇಟೆಯಲ್ಲಿಯೂ ನಗು ಬಂದಿತು. ಆದರೆ ಎಲ್ಲರಿಗೂ ಅಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಬಹಳ ಹಿಂದೆ ಎರಡು ವರ್ಷ ಇದ್ದು, ಮನೆಯ ತೊಂದರೆಯಿಂದ ಓದು ಬಿಟ್ಟು, ಈಗ ಚೆಂಡುಹೂವಿನ ಬೇಸಾಯ ಮಾಡುತ್ತಿರುವ ರೈತರೊಬ್ಬರು ಎದ್ದು, ತಮಗೆ ನಗು ಬರಲಿಲ್ಲವೆಂದರು. ತಮಿಳಿನ ಕರುಪ್ಪನ್ ಎಂದರೆ ನಮ್ಮ ಕರಿಯ. ಅವನು ಯಾರ ಗಾಡಿ ಹೊಡೆಯುತ್ತಿದ್ದ, ಸಂಜೆಗೆ ಊರು ಸೇರಿದನೇ, ತಡವಾಯಿತೆಂದು ಯಾರಿಂದ ಬೈಗುಳ ತಿಂದನು? ಪುಸ್ತಕ ಓದುವಾಗ ಎಲ್ಲರೂ ತಮ್ಮನ್ನು ಸ್ವಾಮಿಯೆಂದುಕೊಳ್ಳುತ್ತಾರೆ. ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ತಂದೆ ಪಟ್ಟಣದಲ್ಲಿ ವಕೀಲರಾಗಿದ್ದರು? ಇಷ್ಟು ಕೇಳಿ ಅವರು ಕುಳಿತರು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಅನಂತರ ವಾದವೆದ್ದಿತು. ಮಕ್ಕಳ ಆಟವನ್ನು ಇಷ್ಟು ದೊಡ್ಡದು ಮಾಡಬಾರದೆಂದು ಕೆಲವರೂ, ಆಟದಲ್ಲಿಯೇ ಊರಿನ ಸ್ವಭಾವ ಕಾಣುವುದೆಂದು ಕೆಲವರೂ ವಾದಿಸಿದರು.

ಆ ರೈತರ ಮಾತು ನಮ್ಮನ್ನು ಮುಟ್ಟಿದ್ದಕ್ಕೆ ಕಾರಣವಿದೆ. ನಾವೂ ತೆರಕಣಾಂಬಿಯ ಸಂತೆಗೆ ತಂದೆಯವರ ಗಾಡಿಯಲ್ಲಿ ಹೋಗುತ್ತಿದ್ದ ಹಳ್ಳಿಯ ಹುಡುಗರೇ. ವಿದ್ಯಾರ್ಥಿನಿಲಯಕ್ಕೆ ಬಂದ ಹೊಸದರಲ್ಲಿ ‘ಮನೆಗೆ’ ಎನ್ನುವಲ್ಲಿ ‘ಮನಗ’ ಎಂದುದಕ್ಕಾಗಿ ಪಟ್ಟಣದ ಹುಡುಗರು ನಕ್ಕುದುಂಟು. ಅದನ್ನು ನಾವು ಮರೆತಿಲ್ಲ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಮಾತು ತಿದ್ದಿಕೊಂಡಿತ್ತು; ಕಾಡಂಚಿನ ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನ ಮಾತಿಗೆ ನಾವೂ ನಕ್ಕೆವು. ಅವನು ಆ ವರ್ಷದ ದೀಪಾವಳಿಗೆ ಊರಿಗೆ ಹೋದವನು ಹಿಂದಿರುಗಲಿಲ್ಲ. ನಮ್ಮ ನಗುವೇ ಕಾರಣವೆಂದು ಹೇಳಲಾರೆವು, ಕಾರಣವಲ್ಲವೆಂದೂ ಹೇಳಲಾರೆವು. ಮಹಾರಾಜರ ಕಾಲದ ಮೈಸೂರನ್ನೂ ವಿದ್ಯಾರ್ಥಿ ಜೀವನವನ್ನೂ ಕುರಿತು ಅನೇಕ ಸಭೆಗಳಲ್ಲಿ ನಾವು ಸೊಗಸಾಗಿ ಮಾತನಾಡಿದ್ದೇವೆ. ಆ ಹುಡುಗನ ಮಾತನ್ನು ಎಂದೂ ಎತ್ತಿದವರಲ್ಲ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ಮೊದಲ ಸಲ ಈ ಕಾದಂಬರಿಯನ್ನು ಓದಿ, ಗಾಡಿಯ ಪ್ರಸಂಗಕ್ಕೆ ನಾವೂ ನಕ್ಕಿದ್ದೆವು.

ಇಲ್ಲಿ ಕಾಳಿದಾಸನ ಶಾಕುಂತಲದ ಐದನೆಯ ಅಂಕವು ನೆನಪಿಗೆ ಬರುತ್ತದೆ. ಒಳಗೆ ಹಂಸಪದಿಕೆಯು ಹಾಡುತ್ತಿದ್ದಾಳೆ. ಪ್ರಿಯಜನರ ಅಗಲಿಕೆ ಇಲ್ಲದಿದ್ದರೂ ತನ್ನ ಮನಸ್ಸು ಏಕೆ ಹೀಗೆ ಕಳವಳಗೊಳ್ಳುತ್ತಿದೆಯೆಂದು ದುಷ್ಯಂತನು ಬೆರಗಾಗುತ್ತಾನೆ. ಜನ್ಮಾಂತರದ ಯಾವುದೋ ಸ್ನೇಹದ ಸ್ಮರಣೆಯಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ರಸಾಸ್ವಾದದ ಸ್ವರೂಪವನ್ನು ವಿವರಿಸುವಾಗ ಅಭಿನವಗುಪ್ತಾಚಾರ್ಯರು ಈ ಸಂದರ್ಭವನ್ನು ಉದಾಹರಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಕಾಣದ ಊರಿಗಾಗಿ ಓದುಗನು ಪಡುವ ಮಧುರವಾದ ಕಳವಳಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಆದರೆ ಆ ಅಂಕವು ಅಲ್ಲಿಗೆ ಮುಗಿಯುವುದಿಲ್ಲ. ಹಾಡು ನಿಂತ ಸ್ವಲ್ಪ ಹೊತ್ತಿಗೆ, ದುಷ್ಯಂತನು ಮರೆತ ಶಕುಂತಲೆಯೇ ಅವನ ಆಸ್ಥಾನಕ್ಕೆ ಬಂದು ನಿಲ್ಲುತ್ತಾಳೆ. ಜನ್ಮಾಂತರದ ಸ್ನೇಹಕ್ಕೆ ಮರುಗಿದ ರಾಜನು ಈ ಜನ್ಮದಲ್ಲಿ ಕೈಹಿಡಿದವಳನ್ನು ಗುರುತಿಸದೆ ಕಳುಹಿಸುತ್ತಾನೆ. ಶಾಪದ ಕಾರಣ ಹೇಗೂ ಇರಲಿ, ಮಧುರವಾದ ನೆನಪಿನ ಪಕ್ಕದಲ್ಲಿಯೇ ಕಠೋರವಾದ ಮರೆವು ಇರಬಲ್ಲುದೆಂಬುದನ್ನು ಮಹಾಕವಿಯು ಒಂದೇ ಅಂಕದಲ್ಲಿ ತೋರಿಸಿದ್ದಾನೆ. ಪಾಠಶಾಲೆಯಲ್ಲಿ ಈ ಭಾಗವನ್ನು ಹಲವು ಸಲ ಪಾಠ ಹೇಳಿಸಿಕೊಂಡಿದ್ದರೂ ಇದು ನಮಗೆ ಹೊಳೆದದ್ದು ಗುಂಡ್ಲುಪೇಟೆಯ ಗೋಷ್ಠಿಯ ನಂತರ.

ಹಾಗಾದರೆ ನಾರಾಯಣರು ದುಷ್ಯಂತನಂತೆ ಮರೆತವರೇ? ಮತ್ತೊಮ್ಮೆ ಓದಿದಾಗ ನಮಗೆ ಹಾಗೆ ತೋರಲಿಲ್ಲ. ಗಾಡಿಯ ಹುಡುಗನಿಗೆ ಅವರು ಹೆಸರು ಕೊಟ್ಟಿದ್ದಾರೆ. ಅವನ ಭಯವನ್ನು ತೋರಿಸಿದ್ದಾರೆ. ಮೂವರು ಹುಡುಗರು ಯಾರ ಸೋಗು ಹಾಕುತ್ತಾರೆಂಬುದನ್ನು ನೋಡಬೇಕು. ರಾಜನ ಸೋಗಲ್ಲ, ರಾಕ್ಷಸನ ಸೋಗಲ್ಲ, ಪೊಲೀಸರ ಸೋಗು. ಅವರಲ್ಲಿ ಒಬ್ಬನ ತಂದೆ ನಿಜವಾಗಿಯೂ ಪೊಲೀಸ್ ಅಧಿಕಾರಿ. ಪರಾಧೀನ ದೇಶದಲ್ಲಿ ದೊಡ್ಡವರು ಹಳ್ಳಿಗರನ್ನು ನಡೆಸಿಕೊಳ್ಳುವ ರೀತಿಯನ್ನು ಮಕ್ಕಳು ಆಟವಾಗಿ ಕಲಿತಿದ್ದಾರೆ. ಅದೇ ಸ್ವಾಮಿಯು ಕ್ರೈಸ್ತ ಧರ್ಮಬೋಧೆಯ ತರಗತಿಯಲ್ಲಿ ಎಬೆನೇಜರ್ ಎಂಬ ಉಪಾಧ್ಯಾಯನು ತನ್ನ ದೇವರನ್ನು ಹಳಿದಾಗ ಎದುರು ಮಾತನಾಡಿ ಶಿಕ್ಷೆ ಅನುಭವಿಸುತ್ತಾನೆ. ತನಗೆ ಆದ ಅವಮಾನವನ್ನು ಸಹಿಸದ ಹುಡುಗನು ತಾನು ಇನ್ನೊಬ್ಬನಿಗೆ ಮಾಡುವುದನ್ನು ಅರಿಯನು. ಲೇಖಕರು ಎರಡನ್ನೂ ಬರೆದಿಟ್ಟಿದ್ದಾರೆ. ಟಿಪ್ಪಣಿ ಮಾತ್ರ ಬರೆಯಲಿಲ್ಲ.

1952ರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯ ಮಾರ್ಗಯ್ಯನನ್ನೂ ನೆನೆಯಬಹುದು. ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿಯಲ್ಲಿ ಪೆಟ್ಟಿಗೆಯಿಟ್ಟುಕೊಂಡು, ರೈತರಿಗೆ ಸಾಲದ ದಾರಿ ತೋರಿಸಿ ಕಾಸು ಮಾಡುವ ಅವನನ್ನು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಾಣದವರಿಲ್ಲ. ಅವನು ಸಿರಿವಂತನಾಗಲು ಹಂಬಲಿಸುವುದರ ಹಿಂದೆ ಒಂದು ಗುಟ್ಟಿದೆ: ಅವನ ಪೂರ್ವಿಕರು ಹೆಣ ಹೊರುವ ವೃತ್ತಿಯವರು. ಊರು ಅದನ್ನು ನೆನಪಿಟ್ಟುಕೊಂಡೀತೆಂಬ ಭಯ ಅವನಿಗೆ. ಮಾಲ್ಗುಡಿಯಲ್ಲಿ ಜಾತಿಯಿಲ್ಲವೆಂಬ ಮಾತು ಹಾಗಾದರೆ ಪೂರ್ತಿ ನಿಲ್ಲುವುದಿಲ್ಲ. ಅಲ್ಲಿ ಜಾತಿಯಿದೆ, ಬಾಯಿ ಬಿಟ್ಟು ಆಡದ ಮಾತಾಗಿ ಇದೆ. ಚಿಕ್ಕ ಊರುಗಳಲ್ಲಿ ಅದು ಇರುವ ಬಗೆಯೂ ಬಹುಮಟ್ಟಿಗೆ ಅದೇ ಅಲ್ಲವೇ?

‘ಸ್ವಾಮಿ’ಯ ಕೊನೆಯೂ ಮಧುರವಲ್ಲ. ಕ್ರಿಕೆಟ್ ಪಂದ್ಯಕ್ಕೆ ಬಾರದ ತಪ್ಪಿಗಾಗಿ ರಾಜಂ ಮುನಿದಿದ್ದಾನೆ. ಅವನ ತಂದೆಗೆ ವರ್ಗವಾಗಿದೆ. ಸ್ವಾಮಿಯು ಒಂದು ಪುಸ್ತಕವನ್ನು ಕಾಣಿಕೆಯಾಗಿ ಹಿಡಿದು ನಿಲ್ದಾಣಕ್ಕೆ ಓಡುತ್ತಾನೆ. ರೈಲು ಹೊರಡುತ್ತದೆ. ಗೆಳೆಯನು ಕ್ಷಮಿಸಿದನೇ, ಪತ್ರ ಬರೆಯುವನೇ ಎಂಬುದು ತಿಳಿಯದೆ ಮಣಿಯ ಮುಖವನ್ನು ನೋಡುತ್ತಾನೆ. ಆ ಮುಖದಲ್ಲಿ ಉತ್ತರವಿಲ್ಲ. ಇಂಥ ಪುಸ್ತಕವನ್ನು ಸಕ್ಕರೆಯ ಗೊಂಬೆಯೆನ್ನುವವರೂ, ಸಕ್ಕರೆಯೆಂದೇ ಚಪ್ಪರಿಸುವವರೂ ಓದಿದ್ದು ಪುಸ್ತಕವನ್ನಲ್ಲ, ಅದರ ಸುತ್ತ ಬೆಳೆದ ಸಂಗೀತವನ್ನು. ಹೊಗಳಿದವರೂ ತೆಗಳಿದವರೂ ಒಂದೇ ತಪ್ಪನ್ನು ಮಾಡಿದರೆಂಬುದು ನಮ್ಮ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ಲೇಖಕರ ಮಿತಿಯನ್ನೂ ಹೇಳುವುದು ವಿಮರ್ಶಕನ ಧರ್ಮ. ನಾರಾಯಣರು ಕರುಪ್ಪನನ್ನು ಕಂಡರು. ಅವನ ಗಾಡಿಯನ್ನೇರಿ ಅವನ ಊರಿಗೆ ಹೋಗಲಿಲ್ಲ. ಅವರ ಲೇಖನಿಯು ಪಟ್ಟಣದ ಮಧ್ಯಮ ವರ್ಗದ ಮನೆಯ ಜಗುಲಿಯ ಮೇಲೆ ನಿಂತಿತ್ತು. ಜಗುಲಿಯಿಂದ ಬೀದಿಯು ಚೆನ್ನಾಗಿ ಕಾಣುತ್ತದೆ. ಬೀದಿಯಾಚೆಯ ಗುಡಿಸಲಿನ ಒಳಗು ಕಾಣುವುದಿಲ್ಲ. ಆ ಒಳಗನ್ನು ಬರೆಯಲು ಅಲ್ಲಿಂದಲೇ ಒಬ್ಬರು ಬರಬೇಕಾಯಿತು. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರು 1984ರಲ್ಲಿ ‘ಕುಸುಮಬಾಲೆ’ಯನ್ನು ಪ್ರಕಟಿಸಿದರು. ಯಾವ ಮಾತಿಗಾಗಿ ನಮ್ಮನ್ನು ಪಟ್ಟಣದ ಹುಡುಗರು ನಕ್ಕಿದ್ದರೋ ಆ ಮಾತೇ ಅದರಲ್ಲಿ ಕಾವ್ಯವಾಗಿದೆ. ಓದಲು ಕಷ್ಟವೆಂದು ಅನೇಕರು ಅದನ್ನು ಕೆಳಗಿಟ್ಟರು. ಆದರೂ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಅದಕ್ಕೆ ಬಂದಿತು. ನಾವು ದೂರದರ್ಶನದಲ್ಲಿ ಮಾಲ್ಗುಡಿಯನ್ನು ನೋಡಿ ನಲಿಯುತ್ತಿದ್ದ ವರ್ಷಗಳಲ್ಲಿಯೇ ಆ ಪುಸ್ತಕವೂ ಇತ್ತು. ನಮ್ಮ ವಿದ್ಯಾರ್ಥಿನಿಲಯಕ್ಕೆ ಬರಲಿಲ್ಲ. ಯಾದವಗಿರಿಯ ಮನೆಗೂ ದೇವನೂರಿಗೂ ಇರುವ ದೂರವು ಒಂದು ಗಂಟೆಯ ಬಸ್ ಪ್ರಯಾಣದಷ್ಟು. ಒಂದೇ ಸೀಮೆಯನ್ನು ತಿಳಿಯಬೇಕಾದರೆ ಎರಡನ್ನೂ ಓದಬೇಕು. ಒಂದನ್ನು ಓದಿ ಇನ್ನೊಂದನ್ನು ಬೈಯುವುದರಿಂದ ಬುದ್ಧಿ ಬೆಳೆಯುವುದಿಲ್ಲ.

ನಾರಾಯಣರ ಪರವಾಗಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು 1989ರಲ್ಲಿ ತಮ್ಮ ಮೊದಲ ಭಾಷಣವನ್ನು ಮಾಡಿದಾಗ ಅವರು ಎತ್ತಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನಿನ ಪುಸ್ತಕದ ಹೊರೆ. ಎಂಬತ್ತೆರಡರ ವೃದ್ಧರು ದೇಶದ ಶಾಸನಸಭೆಯಲ್ಲಿ ಮಕ್ಕಳಿಗಾಗಿ ಬಾಯ್ದೆರೆದರು. ಬಾಲ್ಯವೆಂಬುದು ಅವರಿಗೆ ಕೇವಲ ಹಳೆಯ ನೆನಪಾಗಿದ್ದರೆ ಈ ಮಾತು ಹೊರಡುತ್ತಿರಲಿಲ್ಲ. ನೆನಪು ಅವರನ್ನು ಎದುರಿಗಿದ್ದ ಮಕ್ಕಳ ಕಡೆಗೆ ತಿರುಗಿಸಿತು.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹವಿರುವುದೂ ಇಲ್ಲಿಯೇ. ಸ್ಮರಣ ಸಂಚಿಕೆಗಳಿಗಾಗಿ ನೀವು ಬರೆದು ಕಳುಹಿಸುವ ಲೇಖನಗಳನ್ನೆಲ್ಲ ನಾವು ಓದುತ್ತೇವೆ. ಮುಂಜಾನೆಯ ತಣ್ಣೀರಿನ ಸ್ನಾನ, ಸಾಮೂಹಿಕ ಪ್ರಾರ್ಥನೆ, ದಾಸೋಹದ ಮುದ್ದೆ ಸಾರಿನ ರುಚಿ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ ಪ್ರವಾಸ, ಇವು ತಪ್ಪದೆ ಬರುತ್ತವೆ, ಓದಲು ಸಂತೋಷವಾಗುತ್ತದೆ. ಮುದ್ದೆ ಕಟ್ಟಿದವರ ಹೆಸರು ಎಷ್ಟು ಲೇಖನಗಳಲ್ಲಿ ಬಂದಿದೆ? ಓದು ಬಿಟ್ಟು ಹೋದ ಸಹಪಾಠಿ ಎಷ್ಟು ಲೇಖನಗಳಲ್ಲಿದ್ದಾನೆ? ನಮ್ಮ ಬಾಲ್ಯದಲ್ಲಿ ಅನೇಕ ಊರುಗಳ ಹೋಟೆಲುಗಳ ಹೊರಗೆ ಕೆಲವರಿಗಾಗಿ ಬೇರೆ ಲೋಟಗಳಿದ್ದುದನ್ನು ನೋಡದವರು ಯಾರು? ಆ ಹೋಟೆಲಿನ ದೋಸೆಯ ಪರಿಮಳವನ್ನು ಬರೆದವರು ಲೋಟದ ಮಾತನ್ನು ಬಿಟ್ಟರೆ ಆ ಪರಿಮಳವೂ ಅರ್ಧ ಸುಳ್ಳಾಗುತ್ತದೆ. ಭೇದವನ್ನು ಅಳಿಸಲೆಂದೇ ಹೊರಟ ಪರಂಪರೆಯ ಮಕ್ಕಳಾದ ನಮಗೆ ಈ ವಿಷಯದಲ್ಲಿ ಹೊಣೆ ಹೆಚ್ಚು. ಇತರರಿಗೆ ಹೇಳುವ ಮುನ್ನ ನಾವೇ ಆ ಕಾಡಂಚಿನ ಹುಡುಗನ ಸಂಗತಿಯನ್ನು ಇಲ್ಲಿ ಬರೆದುದು ಇದೇ ಕಾರಣದಿಂದ.

ಗುಂಡ್ಲುಪೇಟೆಯ ಹೆದ್ದಾರಿಯ ಪಕ್ಕದಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳುವ ಕಾಲದಲ್ಲಿ ಊಟಿಯ ಪ್ರವಾಸಿಗಳು ಕಾರು ನಿಲ್ಲಿಸಿ ಹೊಲಕ್ಕಿಳಿದು ಚಿತ್ರ ತೆಗೆದುಕೊಳ್ಳುತ್ತಾರೆ. ಹೂವು ಚೆಲುವಾಗಿದೆ, ಅವರ ಸಂತೋಷವು ಸುಳ್ಳಲ್ಲ. ಆ ಹೊಲದ ಒಡೆಯನಿಗೆ ಬೆಲೆಯ ಚಿಂತೆ, ಮಳೆಯ ಚಿಂತೆ, ಬಂಡೀಪುರದ ಕಡೆಯಿಂದ ರಾತ್ರಿ ಇಳಿಯುವ ಆನೆಯ ಚಿಂತೆ. ಗೋಷ್ಠಿ ಮುಗಿದ ಮೇಲೆ ನಗದೆ ಕುಳಿತಿದ್ದ ರೈತರನ್ನು ಕರೆದು, ನಿಮಗೆ ಈ ಪುಸ್ತಕವು ಹಿಡಿಸಲಿಲ್ಲವೇ ಎಂದು ಕೇಳಿದೆವು. ಹಿಡಿಸಿತು ಬುದ್ಧಿ, ಹುಡುಗ ಗೆಳೆಯನಿಗೆ ಪುಸ್ತಕ ಕೊಡಲು ಓಡುವಲ್ಲಿ ಕಣ್ಣಲ್ಲಿ ನೀರು ಬಂತು ಎಂದರು. ಗಾಡಿಯ ಹುಡುಗನಿಗಾಗಿ ಕೇಳಿದವರೂ ಅವರೇ, ಸ್ವಾಮಿಗಾಗಿ ಅತ್ತವರೂ ಅವರೇ. ಎರಡು ಗೋಷ್ಠಿಗಳಲ್ಲಿ ಪುಸ್ತಕವನ್ನು ಪೂರ್ತಿಯಾಗಿ ಓದಿದವರು ಅವರೊಬ್ಬರೇ ಎಂದು ನಮಗೆ ತೋರಿತು.

ಬರುವ ವರ್ಷದ ಸಂಚಿಕೆಗೆ ತಮ್ಮ ನೆನಪುಗಳನ್ನು ಬರೆಯಬೇಕೆಂದು ಅವರನ್ನು ಕೇಳಿಕೊಂಡಿದ್ದೇವೆ. ತಮ್ಮ ಕನ್ನಡ ಶುದ್ಧವಿಲ್ಲವೆಂದು ಸಂಕೋಚಪಟ್ಟರು. ‘ಮನಗ’ ಎಂದೇ ಬರೆಯಿರಿ, ತಿದ್ದುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ.